ಏಳು, ಮತ್ತೆ ಏಳು

ನಾನು ಒಂದು ಲೆಕ್ಕದ ಮಣಿಚೌಕಟ್ಟು. ಈಗಿನ ಮಕ್ಕಳು ಅಬಾಕಸ್ ಅನ್ನುತ್ತಾರಲ್ಲ, ಅದೇ. ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯೊಬ್ಬ ನನ್ನ ಮಣಿಗಳನ್ನು ಕಡೆದು ಬಿದಿರಿನ ಕಡ್ಡಿಗಳಿಗೆ ಪೋಣಿಸಿದ. ಅಲ್ಲಿಂದ ಒಸಾಕಾ ಪಟ್ಟಣದ ಎಣ್ಣೆ ವ್ಯಾಪಾರಿ ಕಿಚಿಬೆಯ ಕೈ ಸೇರಿದೆ.

ಎಣ್ಣೆಯ ಅಳತೆ ಲೆಕ್ಕ ಹಾಕಿಕೊಂಡು ಹಾಯಾಗಿರಬಹುದು ಎಂದುಕೊಂಡಿದ್ದೆ. ನನ್ನ ಹಣೆಬರಹ ಬೇರೆಯಿತ್ತು. ಗಿರಾಕಿ ಬೆನ್ನು ತಿರುಗಿಸಿದ್ದೇ ತಡ, ಈ ಮಹಾರಾಯ ನನ್ನ ಮೇಲೆ ಪದ್ಯದ ಅಕ್ಷರ ಎಣಿಸುತ್ತಿದ್ದ. ಕವಿಗಳ ಕೂಟದಲ್ಲಿ ಅವನಿಗೆ ಇನ್ನೊಂದು ಹೆಸರೂ ಇತ್ತು: ತೋಶಿನ್, ಅಂದರೆ ದೀಪದ ಬತ್ತಿ. ಆ ಕೂಟದಲ್ಲಿ ಒಬ್ಬ ಐದು, ಏಳು, ಐದು ಅಕ್ಷರಗಳ ಪದ್ಯ ಹೇಳಿದರೆ, ಇನ್ನೊಬ್ಬ ಏಳು, ಏಳು ಅಕ್ಷರ ಸೇರಿಸಿ ಮುಗಿಸಬೇಕು. ಅಭ್ಯಾಸವಾದವನಿಗೆ ಅದನ್ನು ತಡೆದುಕೊಳ್ಳುವುದು ಬಂದ ಸೀನು ತಡೆದಷ್ಟೇ ಕಷ್ಟ.

"ಪದ್ಯ ಸುರಿದ್ರೆ ದೀಪ ಉರಿಯುತ್ತೇನ್ರೀ?" ಎಂದು ಹೆಂಡತಿ ಒತ್ಸುನೆ ಗೊಣಗುತ್ತಿದ್ದಳು.

ಒಂದು ಚಳಿಗಾಲ ತೋಶಿನ್‌ನ ಪದ್ಯವೊಂದು ಊರೆಲ್ಲ ಹಬ್ಬಿತು. ನಗರಾಧಿಕಾರಿಯ ಹೊಸ ಹೆಬ್ಬಾಗಿಲನ್ನು ಹೊಗಳಿದಂತೆ ಮಾಡಿ ಚೆನ್ನಾಗಿ ಚುಚ್ಚಿದ್ದ. ಬರೆದವನು ಸಿಕ್ಕಿದರೆ ಅಂಗಡಿಗೆ ಬೀಗ, ಊರಿನಿಂದ ಗಡೀಪಾರು. ತೋಶಿನ್ ಯಾರೆಂದು ಕೂಟದವರು ಬಾಯಿಬಿಡಲಿಲ್ಲ.

ಒಂದು ಮಧ್ಯಾಹ್ನ ಅಧಿಕಾರಿಯ ಕಡೆಯ ಸಮುರಾಯ್ ಸಾಕಾಕಿ ಅಂಗಡಿಗೆ ಬಂದ. ಎಣ್ಣೆ ಕೇಳಲಿಲ್ಲ. ಕಿಚಿಬೆಯ ಮುಖವನ್ನೇ ನೋಡುತ್ತ ನಿಧಾನವಾಗಿ ಹೇಳಿದ:

"ಬಾಗಿಲಿನಲ್ಲಿ
ಹಿಮದ ಮೇಲೆ ಹೆಜ್ಜೆ
ಬಂದವನಿಲ್ಲ."

ಕಿಚಿಬೆ ತುಟಿ ಕಚ್ಚಿಕೊಂಡ. ಬಾಯಿಯನ್ನೇನೋ ಕಟ್ಟಿಹಾಕಿದ, ಬೆರಳು ಮಾತು ಕೇಳಬೇಕಲ್ಲ. ಐದರ ಮಣಿ ಒಂದು, ಒಂದರ ಮಣಿ ಎರಡು ಸರಿದವು. ಪಕ್ಕದ ಕಡ್ಡಿಯಲ್ಲೂ ಹಾಗೆಯೇ. ಏಳು, ಮತ್ತೆ ಏಳು. ಅವನ ತಪ್ಪೊಪ್ಪಿಗೆ ನನ್ನ ಮೈಮೇಲೆ ನಿಂತಿತ್ತು.

"ಇದ್ಯಾವ ಲೆಕ್ಕ?" ಸಾಕಾಕಿ ಕೇಳಿದ.

ಒಳಗಿನಿಂದ ಒತ್ಸುನೆ ಬಂದಳು. "ಗುಡಿಗೆ ಏಳು ಅಳತೆ, ಊರ ಸ್ನಾನದ ಮನೆಗೆ ಏಳು ಅಳತೆ, ಸ್ವಾಮಿ. ಇವರಿಗೆ ಮರೆವು ಜಾಸ್ತಿ."

ಸಾಕಾಕಿ ನನ್ನನ್ನು ಎತ್ತಿ ಓರೆ ಮಾಡಿ ಅಲುಗಿಸಿದ. ಮಣಿಗಳೆಲ್ಲ ಜಾರಿ ಲೆಕ್ಕ ಅಳಿಸಿಹೋಯಿತು. "ಇಂಥ ಲೆಕ್ಕ ನಾಲ್ಕು ಜನರ ಕಣ್ಣೆದುರಿಗೆ ಇಟ್ಕೊಂಡು ಕೂರಬೇಡ," ಎಂದ. ಹೊರಟವನು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತ, ಏನನ್ನೋ ಕಾಯುವವನಂತೆ. ಕಿಚಿಬೆ ತಲೆ ಎತ್ತಲಿಲ್ಲ.

ಸಾಕಾಕಿಯೂ ಕವಿಯೆಂದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವನ ಶವಯಾತ್ರೆ ಅಂಗಡಿಯ ಮುಂದೆ ಹಾದುಹೋದ ದಿನ. ಹಿಂದೆ ನಡೆಯುತ್ತಿದ್ದವರು ಇನ್ನೊಂದು ಕೂಟದ ಕವಿಗಳು. ಮುದುಕನಾಗಿದ್ದ ಕಿಚಿಬೆ ನನ್ನನ್ನು ಮಡಿಲಿಗೆ ಎಳೆದುಕೊಂಡು ಏಳು ಮತ್ತೆ ಏಳು ಸರಿಸಿ, ಬೀದಿಗೆ ಕೇಳುವಂತೆ ಹೇಳಿದ:

"ಒಳಗೆ ದೀಪವಿತ್ತು
ಕೂಗಿದರೆ ಸಾಕಿತ್ತು."

ಆಮೇಲೆ ಅತ್ತುಬಿಟ್ಟ. ಲೆಕ್ಕ ಅಳಿಸಲಿಲ್ಲ, ಮತ್ತೆಂದೂ ನನ್ನನ್ನು ಮುಟ್ಟಲೂ ಇಲ್ಲ.

ಈಗ ನಾನು ಹಳೆ ಸಾಮಾನಿನ ಅಂಗಡಿಯ ಮೂಲೆಯಲ್ಲಿದ್ದೇನೆ. ತೇವ ಹಿಡಿದು ಮಣಿಗಳು ನಿಂತಲ್ಲೇ ಬಿಗಿದುಕೊಂಡಿವೆ. ಕೊಳ್ಳಲು ಬಂದವರು ಎಪ್ಪತ್ತೇಳು ಎಂದು ಓದಿ ಕೆಳಗಿಡುತ್ತಾರೆ. ಸರಿಯಾಗಿ ಓದಬಲ್ಲವನು ಒಮ್ಮೆ ಓದಿದ್ದ, ಓದಿ ಅಳಿಸಿದ್ದ.