ಸೋಮವಾರ ತೊಡಿಸಿದ ಟೋಪಿ

ತಮ್ಮನ ತಲೆಗೆ ಸನ್ಯಾಸಿಯ ಟೋಪಿ ತೊಡಿಸಿಬಿಟ್ಟರೆ ಅವನ ಜೀವ ಉಳಿಯುತ್ತದೆ ಎಂದು ಯೋಚನೆ ಮಾಡಿದವಳು ಅಸ್ಕಾಲೆಯೇ, ಬೇರೆ ಯಾರೂ ಅಲ್ಲ. ಆಮೇಲೆ ಊರಿನವರು ಹಣೆಬರಹ ಅಂದರು, ದೇವರ ಇಚ್ಛೆ ಅಂದರು. ಅವಳು ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ.

ಸೆಲಾಲೆ ಸೀಮೆಯಲ್ಲಿ ವಯಸ್ಸಾದವರು ಟೋಪಿ ತೊಡುವುದು ಹೊಸದೇನಲ್ಲ. ಗಂಡನೋ ಹೆಂಡತಿಯೋ ತೀರಿಕೊಂಡು, ಮಕ್ಕಳು ತಮ್ಮ ಪಾಡು ತಾವು ನೋಡಿಕೊಂಡ ಮೇಲೆ, ಮುದುಕರು ದೆಬ್ರೆ ಲಿಬಾನೋಸ್ ಮಠಕ್ಕೆ ಹೋಗಿ ಬಿಳೀ ಟೋಪಿ ತೊಟ್ಟು ಬರುತ್ತಾರೆ. ಬಂದು ತಮ್ಮ ಮನೆಯ ಮೂಲೆಯಲ್ಲೇ ಜಪ ಮಾಡಿಕೊಂಡು, ಸೊಸೆಯಂದಿರ ತಪ್ಪು ಹುಡುಕಿಕೊಂಡು ಇರುತ್ತಾರೆ. ಅಸ್ಕಾಲೆ ಟೋಪಿ ತೊಟ್ಟು ಆರು ವರ್ಷವಾಗಿತ್ತು. ತಮ್ಮ ಶಿಬೇಶಿಗೂ ಅರವತ್ತು ದಾಟಿ, ಹೆಂಡತಿ ಸತ್ತು ಎರಡು ಮಳೆಗಾಲ ಕಳೆದಿತ್ತು. ಆದರೆ ಟೋಪಿಯ ಮಾತೆತ್ತಿದರೆ ಸಾಕು, ಅವನು ಜೇನುಹೆಂಡದ ಬುರುಡೆ ಎತ್ತಿಕೊಂಡು ಪಕ್ಕದ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಆ ಹಿತ್ತಲಿನಲ್ಲಿ ಒಬ್ಬ ವಿಧವೆ ಇದ್ದಳು. ಅಸ್ಕಾಲೆ ಆ ವಿಷಯವನ್ನು ಊರಿನವರಿಂದ ಮುಚ್ಚಿಟ್ಟು ಮುಚ್ಚಿಟ್ಟು ಹಣ್ಣಾಗಿದ್ದಳು.

ಆ ವರ್ಷ ಫೆಬ್ರುವರಿಯಲ್ಲಿ ಅಡಿಸ್ ಅಬಾಬಾದಲ್ಲಿ, ನಾಡನ್ನು ಗೆದ್ದು ಆಳುತ್ತಿದ್ದ ಇಟಲಿಯವರ ದೊಡ್ಡ ಅಧಿಕಾರಿಯ ಮೇಲೆ ಯಾರೋ ಬಾಂಬು ಎಸೆದರು. ಅಧಿಕಾರಿ ಬದುಕಿದ. ಮೂರು ದಿನ ಪಟ್ಟಣದ ಗುಡಿಸಲುಗಳು ಒಳಗಿದ್ದ ಜನರ ಸಮೇತ ಉರಿದವು. ಆಮೇಲೆ ಇಟಲಿಯವರ ಸಿಟ್ಟು ಹಳ್ಳಿಗಳ ಕಡೆ ತಿರುಗಿತು. ಕಾಡು ಸೇರಿ ಬಂದೂಕು ಹಿಡಿದವರಿಗೆ ಹಿಟ್ಟು ಕೊಟ್ಟರು ಎಂದು ಪಕ್ಕದೂರಿನ ಏಳು ಗಂಡಸರನ್ನು ಸಂತೆಯ ಮರಕ್ಕೆ ನೇತುಹಾಕಿದರು. ಶಿಬೇಶಿಯೂ ಎರಡು ಸಲ ಹಿಟ್ಟು ಹೊತ್ತು ಕಾಡಿಗೆ ಹೋಗಿ ಬಂದಿದ್ದ. ಅದು ಅಕ್ಕನಿಗೆ ಗೊತ್ತಿತ್ತು. ಅವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

"ನಾಳೆನೇ ಮಠಕ್ಕೆ ಹೋಗೋಣ, ಟೋಪಿ ಹಾಕ್ಕೊ," ಅಂದಳು. "ಇಟಲಿಯೋರು ಏನೇ ಆದ್ರೂ ಶಿಲುಬೆಗೆ ಮುತ್ತಿಡೋ ಜನ ಕಣೋ. ಟೋಪಿ ಹಾಕಿದೋನ ಮೈ ಮುಟ್ಟಲ್ಲ."

"ಇದೊಂದು ಬಟ್ಟೆ ತುಂಡಿಗೆ ಗುಂಡು ಹೆದರುತ್ತಾ ಅಕ್ಕ?" ಎಂದು ಅವನು ನಕ್ಕ. ಆದರೆ ಹುಟ್ಟಿದಾಗಿನಿಂದ ಅಕ್ಕನ ಎದುರು ಒಂದು ಮಾತಿನಲ್ಲೂ ಗೆದ್ದವನಲ್ಲ ಅವನು. ಬುರುಡೆ ಕೆಳಗಿಟ್ಟು ಹಿಂದೆಯೇ ಬಂದ.

ಸೋಮವಾರ ಟೋಪಿಯ ಶಾಸ್ತ್ರ ನಡೆಯಿತು. ಟೋಪಿ ತೊಡುವವನು ಲೋಕದ ಪಾಲಿಗೆ ಸತ್ತ ಹಾಗೆ. ಅದಕ್ಕೇ ಅವನನ್ನು ಹೆಣದಂತೆ ನೆಲದ ಮೇಲೆ ಮಲಗಿಸಿ, ಮುಖದ ಮೇಲೆ ಬಿಳೀ ಬಟ್ಟೆ ಎಳೆದು, ಸತ್ತವರಿಗೆ ಓದುವ ಪ್ರಾರ್ಥನೆಯನ್ನು ಕೊನೆಯವರೆಗೆ ಓದುತ್ತಾರೆ. ಓದಿದವರು ಅಬ್ಬಾ ಕಿಫ್ಲೆ; ಅಬ್ಬಾ ಅಂದರೆ ತಂದೆ, ಸನ್ಯಾಸಿಗಳನ್ನು ಕರೆಯುವ ಮಾತು. ಎಂಬತ್ತರ ಮೇಲಿನ ಸನ್ಯಾಸಿ, ಎರಡೂ ಕಣ್ಣು ಹೋಗಿ ಹತ್ತು ವರ್ಷ, ಎಲ್ಲ ಬಾಯಿಪಾಠ. ಪ್ರಾರ್ಥನೆ ಅರ್ಧಕ್ಕೆ ಬಂದಿತ್ತು, ಧೂಪದ ಹೊಗೆ ಮೂಗಿಗೆ ಹೋಗಿ ಹೆಣ ಗಟ್ಟಿಯಾಗಿ ಸೀನಿತು.

ಅಸ್ಕಾಲೆಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು. ಬಗ್ಗಿ ಅವನ ತೊಡೆ ಚಿವುಟಿದಳು. ಅಬ್ಬಾ ಕಿಫ್ಲೆ ಮಾತ್ರ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, "ಈ ಹೆಣಕ್ಕೆ ನೆಗಡಿ ಆಗಿದೆ," ಎಂದು ಮತ್ತೆ ಓದಲು ಶುರುಮಾಡಿದರು. ಟೋಪಿಯೂ ನೆಟ್ಟಗೆ ಕೂರಲಿಲ್ಲ. ಶಿಬೇಶಿಯ ತಲೆ ಒಂದು ಕಡೆ ಕೊಂಚ ಉಬ್ಬು. ಟೋಪಿ ಎಡಗಿವಿಯ ಮೇಲೆ ಜಾರುತ್ತಿತ್ತು, ಅವಳು ನೆಟ್ಟಗೆ ಮಾಡುತ್ತಿದ್ದಳು, ಅದು ಮತ್ತೆ ಜಾರುತ್ತಿತ್ತು. ಸಂಜೆಯೊಳಗೆ ಹತ್ತು ಸಲ ಮಾಡಿದ್ದಳು.

ಮಂಗಳವಾರ ಬೆಳಿಗ್ಗೆಯೇ ಊರಿಗೆ ಹೊರಡೋಣ ಎಂದು ಶಿಬೇಶಿ ಗೋಗರೆದ. ಅವಳು ಒಪ್ಪಲಿಲ್ಲ. ಗುರುವಾರ ಸಂತ ತೆಕ್ಲೆ ಹೈಮಾನೋತರ ಹಬ್ಬ, ಸೀಮೆಯ ಜನವೆಲ್ಲ ಬರುವ ದಿನ. ಟೋಪಿ ತೊಟ್ಟ ತಮ್ಮನನ್ನು ನಾಲ್ಕು ಜನರ ಕಣ್ಣಿಗೆ ತೋರಿಸುವ ಆಸೆ ಅವಳಿಗೆ. ಇಷ್ಟು ವರ್ಷ ಅವನಿಂದ ತಲೆ ತಗ್ಗಿಸಿದ್ದವಳಿಗೆ ಅಷ್ಟು ಆಸೆ ಬೇಡವೇ?

ಮಂಗಳವಾರ ಮಧ್ಯಾಹ್ನ ಬೆಟ್ಟದಂಚಿನಲ್ಲಿ ಲಾರಿಗಳು ಕಾಣಿಸಿಕೊಂಡವು.

ಮಠದ ಹಿಂದೆ ಗೋಡೆಯಂಥ ಬಂಡೆ, ಮುಂದೆ ಆಳದ ಕಣಿವೆ, ನಡುವೆ ಒಂದೇ ದಾರಿ. ಇಟಲಿಯವರು ಆ ಒಂದು ದಾರಿಯಲ್ಲಿ ನಿಂತರು. ಬರುವ ಯಾತ್ರಿಕರನ್ನು ತಡೆಯಲಿಲ್ಲ, ನಗುನಗುತ್ತಾ ಒಳಗೆ ಬಿಟ್ಟರು. ಹೊರಗೆ ಹೊರಟವರನ್ನು ಮಾತ್ರ ಹಿಂದಕ್ಕೆ ಕಳಿಸಿದರು. ಹಬ್ಬಕ್ಕೆ ದೊಡ್ಡವರು ಬರುತ್ತಾರೆ, ಎಲ್ಲರೂ ಇರಬೇಕು ಎಂದರಂತೆ. ಬುಧವಾರ ಎಲ್ಲರನ್ನೂ ಮಠದ ಇಗರ್ಜಿಯೊಳಗೆ ತುಂಬಿ ಹೊರಗಿನಿಂದ ಬಾಗಿಲು ಹಾಕಿದರು.

ಎರಡು ದಿನ. ಕೂತವರು ಕಾಲು ಚಾಚುವಂತಿಲ್ಲ, ನಿಂತವರು ಕೂರುವಂತಿಲ್ಲ. ಧೂಪ, ಬೆವರು, ಉಚ್ಚೆ ಎಲ್ಲ ಕಲಸಿಕೊಂಡ ವಾಸನೆ. ಯಾರದೋ ಗಂಟಿನಲ್ಲಿದ್ದ ಹುರಿದ ಜವೆಗೋಧಿ ಕೈಯಿಂದ ಕೈಗೆ ದಾಟಿ, ಒಬ್ಬೊಬ್ಬರಿಗೆ ನಾಲ್ಕು ಕಾಳು ಬಂತು. ನೀರು ಬರಲಿಲ್ಲ. ಬಾಗಿಲ ಸಂದಿಯಿಂದ ಒಂದು ಗೆರೆ ಬೆಳಕು ನೆಲದ ಮೇಲೆ ಬಿದ್ದು, ಹೊತ್ತು ಏರಿದಂತೆ ಜನರ ಮೇಲೆ ನಿಧಾನಕ್ಕೆ ಹರಿದು ಹೋಗುತ್ತಿತ್ತು. ಅದು ಗಂಡಸರ ಕಡೆ ತಲುಪಿದಾಗ ಅಸ್ಕಾಲೆಗೆ ತಮ್ಮನ ಮುಖ ಕಾಣುತ್ತಿತ್ತು, ಆಮೇಲೆ ಇಲ್ಲ.

ಅವನು ಅಬ್ಬಾ ಕಿಫ್ಲೆಯವರ ಪಕ್ಕದಲ್ಲೇ ಕೂತಿದ್ದ. ತನ್ನ ಪಾಲಿನ ಕಾಳನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಆ ಹಲ್ಲಿಲ್ಲದ ಮುದುಕರಿಗೆ ತಿನ್ನಿಸುತ್ತಿದ್ದ. ಟೋಪಿ ನೋಡಿ ಜನ ಅವನನ್ನೂ "ಅಬ್ಬಾ, ಅಬ್ಬಾ" ಎಂದು ಕರೆದು ಕೈಗೆ ಮುತ್ತಿಡುತ್ತಿದ್ದರು. ಮೊದಲ ಸಲ ಯಾರೋ ಹಾಗೆ ಮಾಡಿದಾಗ ಅವನು ದೂರದಿಂದಲೇ ಅಕ್ಕನತ್ತ ಹುಬ್ಬು ಹಾರಿಸಿದ್ದ. ಎರಡನೆಯ ದಿನ ಹಾರಿಸಲಿಲ್ಲ. ಗುರುವಾರ, ಬೀಗ ಹಾಕಿದ ಆ ಇಗರ್ಜಿಯೊಳಗೇ ಹಬ್ಬದ ಹಾಡು ಹೇಳಿದರು. ಅಬ್ಬಾ ಕಿಫ್ಲೆ ನಿಲ್ಲಲಾರದೆ ನಿಂತಿದ್ದರು, ಶಿಬೇಶಿ ಕಂಕುಳಿಗೆ ಕೈಕೊಟ್ಟು ಹಿಡಿದಿದ್ದ.

ಶುಕ್ರವಾರ ಬಾಗಿಲು ತೆರೆದರು. ಅಂಗಳದಲ್ಲಿ ಒಂದು ಮೇಜು, ಅದರ ಹಿಂದೆ ಕನ್ನಡಕದ ಇಟಲಿ ಅಧಿಕಾರಿ. ಪಕ್ಕದಲ್ಲಿ, ಅವನ ಮಾತನ್ನು ಜನರ ಭಾಷೆಯಲ್ಲಿ ಹೇಳಲು ಹಬ್ತೆ ಎಂಬ ಸಿಪಾಯಿ. ಉತ್ತರದ ಹಮಾಸೆನ್ ಕಡೆಯವನು, ಇಟಲಿಯವರ ಪಡೆಗೆ ಸೇರಿದವನು. ಯಾತ್ರೆಗೆ ಬಂದವರು ಬಲಕ್ಕೆ ಹೋಗಿ, ಮನೆಗೆ ಬಿಡುತ್ತೇವೆ, ಎಂದು ಅವನು ಕೂಗಿ ಹೇಳಿದ. ಮಠದವರು ಎಡಕ್ಕೆ, ಲಾರಿಯಲ್ಲಿ ಪಟ್ಟಣಕ್ಕೆ ಕರೆದೊಯ್ದು ಹೆಸರು ಬರೆಸುತ್ತಾರೆ. ಯಾರು ಮಠದವರು, ಯಾರು ಅಲ್ಲ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ತಲೆ ನೋಡಿದರು, ಅಷ್ಟೆ. ಟೋಪಿ ಇದ್ದರೆ ಎಡಕ್ಕೆ. ಹೆಂಗಸರ ಟೋಪಿ ಮಾತ್ರ ಲೆಕ್ಕಕ್ಕಿರಲಿಲ್ಲ, ಅಸ್ಕಾಲೆಯನ್ನು ಬಲಕ್ಕೆ ನೂಕಿದರು. ಶಿಬೇಶಿ ಎಡಕ್ಕೆ ಹೋದ.

ಹೋಗಲಿ, ಹೆಸರು ಬರೆಸಿ ಬರಲಿ ಎಂದು ಅವಳು ಮೊದಲು ಸಮಾಧಾನ ಮಾಡಿಕೊಂಡಳು. ಮೊದಲ ಲಾರಿ ನಲವತ್ತು ಜನರನ್ನು ತುಂಬಿಕೊಂಡು ಹೋಯಿತು. ಒಬ್ಬ ಮುದುಕ ಊರುಗೋಲು ಎತ್ತಿಕೊಳ್ಳಲು ಹೋದರೆ, ಬೇಡ ಎಂದು ಕಸಿದು ಎಸೆದರು. ಅವಳು ಆ ಕೋಲನ್ನೇ ನೋಡುತ್ತಾ ನಿಂತಿದ್ದಳು. ನೋಡುನೋಡುತ್ತಿದ್ದಂತೆ ಲಾರಿ ಖಾಲಿಯಾಗಿ ವಾಪಸು ಬಂತು.

ಪಟ್ಟಣ ಅಲ್ಲಿಂದ ಅರ್ಧ ದಿನದ ದಾರಿ.

ಅವಳು ಸಾಲು ಮುರಿದು ಓಡಿ ಹಬ್ತೆಯ ತೋಳು ಹಿಡಿದಳು. ಅವನ ಅಂಗಿಯ ಕಾಲರಿನೊಳಗೆ, ಅವಳ ಕೊರಳಲ್ಲಿ ಇದ್ದಂಥದೇ, ದೀಕ್ಷಾಸ್ನಾನದಲ್ಲಿ ಕಟ್ಟುವ ಕರೀ ದಾರ. ನಮ್ಮ ದೇವರನ್ನೇ ನಂಬಿದವನು. ಅವಳು ದಾರ ನೋಡಿದ್ದನ್ನು ಅವನೂ ಕಂಡು ಮುಖ ತಿರುಗಿಸಿದ.

"ಅವ್ನು ಸನ್ಯಾಸಿ ಅಲ್ಲಪ್ಪಾ," ಅಂದಳು. "ಆ ಉಬ್ಬು ತಲೆಯೋನು, ನನ್ ತಮ್ಮ. ಕುಡುಕ. ಸೋಮವಾರ ನಾನೇ ಹಿಡ್ಕೊಂಡು ಬಂದು ಟೋಪಿ ಹಾಕ್ಸಿದ್ದು. ಒಂದು ಪ್ರಾರ್ಥನೆ ಪೂರ್ತಿ ಬರಲ್ಲ ಅವ್ನಿಗೆ, ಬೇಕಾದ್ರೆ ಹೇಳ್ಸಿ ನೋಡು. ಉಪವಾಸದ ದಿನ ಮಾಂಸ ತಿಂದೋನು. ಪಕ್ಕದ ಮನೆ ವಿಧವೆ ಹಿತ್ತಲಲ್ಲಿ ಬಿದ್ದಿರ್ತಾನೆ. ಮಠದೋರು ನೋಡಿದ್ರೆ ಬಾಗಿಲಿಗೂ ಸೇರಿಸಲ್ಲ ಅಂಥೋನು."

ಇಷ್ಟು ವರ್ಷ ಯಾರಿಗೂ ತಿಳಿಯದಂತೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಅವಳು ಇಡೀ ಸೀಮೆಯ ಜನರ ಮುಂದೆ ಒಂದೊಂದಾಗಿ ಹೊರಗೆ ಹಾಕಿದಳು. ನಿಜದ್ದು ಮುಗಿದ ಮೇಲೆ ಸುಳ್ಳನ್ನೂ ಸೇರಿಸಿದಳು. ಕಳ್ಳ ಅಂದಳು. ಮಠದ ಮೇಣದಬತ್ತಿ ಕದ್ದಿದ್ದಾನೆ ಅಂದಳು. ಎಡಗಡೆಯ ಸಾಲಿನಲ್ಲಿ ಶಿಬೇಶಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ.

ಅಧಿಕಾರಿ ಏನೆಂದು ಕೇಳಿದ. ಹಬ್ತೆ ಹೇಳಿದ. ವಿಧವೆಯ ವಿಷಯ ಬಂದಾಗ ಅಧಿಕಾರಿಗೆ ನಗು ಬಂತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಹೋಗಲಿ ಎಂದು ಕೈ ಬೀಸಿದ.

"ಅಜ್ಜಾ," ಎಂದು ಹಬ್ತೆ ಸಣ್ಣ ದನಿಯಲ್ಲಿ ಕರೆದ. "ಟೋಪಿ ತೆಗೆದು ಅಜ್ಜಿ ಕೈಗೆ ಕೊಡು. ಇಬ್ಬರೂ ನಡೀರಿ. ಹಿಂದೆ ನೋಡ್ಬೇಡಿ."

ಶಿಬೇಶಿ ಟೋಪಿ ತೆಗೆದ. ಅಕ್ಕ ಹೇಳಿದ್ದನ್ನು ಮಾಡಿ ರೂಢಿಯಾದವನು, ತೆಗೆದು ಅವಳ ಕೈಗಿಟ್ಟ. ಅವಳು ಒಂದು ಕೈಯಲ್ಲಿ ಟೋಪಿಯನ್ನು ಮುದುರಿ ಹಿಡಿದು, ಇನ್ನೊಂದರಲ್ಲಿ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟಳು. ಹತ್ತು ಹೆಜ್ಜೆ, ಹನ್ನೆರಡು ಹೆಜ್ಜೆ. ದಾರಿ ಕಾಣುತ್ತಿತ್ತು. ದಾರಿಯಲ್ಲಿ ನಿಂತಿದ್ದ ಸಿಪಾಯಿಗಳು ಪಕ್ಕಕ್ಕೆ ಸರಿದರು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಪೂರ್ತಿ ಉಸಿರು ಬಂತು.

"ಶಿಬೇಶಿ, ಎಲ್ಲಿದ್ದೀಯಪ್ಪಾ?" ಎಂದು ಹಿಂದಿನಿಂದ ದನಿ ಕೇಳಿತು. "ಇಲ್ಲಿ ಮೆಟ್ಟಿಲಿದೆಯಾ?"

ಅಬ್ಬಾ ಕಿಫ್ಲೆ ಲಾರಿಯ ಹಿಂದೆ ನಿಂತು ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಸಿಪಾಯಿಯೊಬ್ಬ ಬಂದೂಕಿನ ಹಿಡಿಯಿಂದ ನೂಕಿದ. ಮುದುಕರು ಮುಗ್ಗರಿಸಿ ಬಿದ್ದರು, ಟೋಪಿ ಉರುಳಿತು. ಅವರು ಮಂಡಿಯ ಮೇಲೆ ಕೂತು ಮಣ್ಣಿನಲ್ಲಿ ಟೋಪಿ ತಡಕತೊಡಗಿದರು. ಟೋಪಿ ಒಂದು ಕಡೆ ಇತ್ತು, ಕೈ ಇನ್ನೊಂದು ಕಡೆ ಹೋಗುತ್ತಿತ್ತು. ಯಾರೂ ಎತ್ತಿ ಕೊಡಲಿಲ್ಲ.

ಶಿಬೇಶಿ ನಿಂತುಬಿಟ್ಟ.

"ತಿರುಗ್ಬೇಡ," ಅಂದಳು ಅಸ್ಕಾಲೆ.

"ಅವರಿಗೆ ಕಣ್ಣು ಕಾಣ್ಸಲ್ಲ ಅಕ್ಕ."

"ನಿಂಗೆ ಕಾಣ್ಸುತ್ತಲ್ಲ. ಲಾರಿ ಎಷ್ಟು ಬೇಗ ವಾಪಸ್ ಬಂತು, ನೋಡ್ಲಿಲ್ವಾ?"

"ನೋಡ್ದೆ."

"ಮತ್ತೆ?"

ಅವನು ಕೈ ಚಾಚಿ, "ಟೋಪಿ ಕೊಡಕ್ಕ," ಅಂದ. "ಟೋಪಿ ಇಲ್ದೆ ಆ ಸಾಲಿಗೆ ಬಿಡಲ್ಲ."

ಕೊಡಲ್ಲ ಅಂದಳು. ನಾನು ಕೊಡಲ್ಲ, ನನ್ನ ಹೆಣ ಬಿದ್ದರೂ ಕೊಡಲ್ಲ ಅಂದಳು. ಅವನು ಅವಳ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಚಿಕ್ಕಂದಿನಲ್ಲಿ ಅವಳು ಹುರಿದ ಕಡಲೆ ಬಚ್ಚಿಟ್ಟಾಗ ಬಿಡಿಸುತ್ತಿದ್ದಂತೆ, ಕಿರುಬೆರಳಿನಿಂದ ಶುರುಮಾಡಿ, ನೋವಾಗದಂತೆ ಒಂದೊಂದೇ ಬೆರಳು ಬಿಡಿಸಿದ.

"ಸೋಮವಾರನೇ ನನ್ ಹೆಣಕ್ಕೆ ಓದ್ಸಿ ಆಗಿದೆಯಲ್ಲಕ್ಕ," ಅಂದ. ಹುಬ್ಬು ಹಾರಿಸಲು ನೋಡಿದ, ಆಗಲಿಲ್ಲ. "ಸೀನಿದ್ದು ತಪ್ಪಾಯ್ತು. ಈ ಸಲ ಸೀನಲ್ಲ."

ಟೋಪಿ ತಲೆಗೆ ಹಾಕಿಕೊಂಡು ಅವಳ ಮುಂದೆ ಬಗ್ಗಿದ. ಅಕ್ಕನಿಗೆ ನಮಸ್ಕಾರ ಮಾಡಲು ಬಗ್ಗಿದ್ದು. ಟೋಪಿ ಯಾವತ್ತಿನಂತೆ ಎಡಗಿವಿಯ ಮೇಲೆ ಜಾರಿತು. ಅಸ್ಕಾಲೆಯ ಬಲಗೈ ತಾನಾಗಿ ಮೇಲೆದ್ದು ಅದನ್ನು ನೆಟ್ಟಗೆ ಮಾಡಿತು.

ಅವನು ಹೋದ. ಮಣ್ಣಿನಲ್ಲಿದ್ದ ಟೋಪಿ ಎತ್ತಿ, ಧೂಳು ಕೊಡವಿ ಅಬ್ಬಾ ಕಿಫ್ಲೆಯವರ ತಲೆಗಿಟ್ಟ. ಕಂಕುಳಿಗೆ ಕೈಕೊಟ್ಟು ಎತ್ತಿ ಮೊದಲು ಅವರನ್ನು ಲಾರಿಗೆ ಹತ್ತಿಸಿದ, ಆಮೇಲೆ ತಾನು ಹತ್ತಿದ. ಹಬ್ತೆ ಕಾಲರಿನ ಗುಂಡಿ ಹಾಕಿಕೊಂಡು ಮೇಜಿನ ಕಡೆ ತಿರುಗಿದ. ಈ ಸಲ ಲಾರಿ ಎಷ್ಟು ಹೊತ್ತಿಗೆ ವಾಪಸು ಬಂತೋ ಅಸ್ಕಾಲೆ ನೋಡಲಿಲ್ಲ. ಬಲಗಡೆಯ ಜನ ಅವಳನ್ನು ಹೊತ್ತುಕೊಂಡೇ ಬೆಟ್ಟ ಹತ್ತಿಸಿದರಂತೆ.

ಹೆಣ ಸಿಗಲಿಲ್ಲ. ಯಾರ ಹೆಣವೂ ಸಿಗಲಿಲ್ಲ. ನಲವತ್ತನೆಯ ದಿನ ಊರಿನ ಪಾದ್ರಿ ಹಿತ್ತಲ ಬಾಗಿಲಿನಿಂದ ಹೆದರಿಕೊಂಡು ಬಂದು, ಸತ್ತವರ ಪ್ರಾರ್ಥನೆ ಸಣ್ಣ ದನಿಯಲ್ಲಿ ಓದಿಬಿಡಲೇ ಎಂದು ಕೇಳಿದರು. ಬೇಡ, ಓದು ಆಗಿದೆ, ನಾನೇ ಎದುರಿಗೆ ಕೂತು ಓದಿಸಿದ್ದೇನೆ ಎಂದು ಅವಳು ಹೇಳಿದಳು. ಪಕ್ಕದ ಹಿತ್ತಲಿನ ವಿಧವೆ ಬಂದು ಮೂಲೆಯಲ್ಲಿ ನಿಂತಿದ್ದಳು. ಅಸ್ಕಾಲೆ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಪಾದ್ರಿ, ಎಲ್ಲ ದೇವರ ಇಚ್ಛೆ ತಾಯಿ ಎಂದರು.

"ದೇವರು ಏನು ಮಾಡ್ದ್ನೋ ನಂಗೊತ್ತಿಲ್ಲ," ಅಂದಳು ಅಸ್ಕಾಲೆ. "ಅವ್ನು ನನ್ ಮುಂದೆ ಬಗ್ಗಿ ನಿಂತಿದ್ದ. ಕೊರಳಿಗೆ ಬಿದ್ದು ಹಿಡ್ಕೋಬೇಕಿತ್ತು ನಾನು. ಹಿಡ್ಕೊಳ್ಳೋದು ಬಿಟ್ಟು ಟೋಪಿ ನೆಟ್ಟಗೆ ಮಾಡ್ದೆ."