ಬೀಗರ ಮನೆಯ ಒಂಬತ್ತು ಮೀನು

ತುಂಗ್ ಚೋಯ್ ಬೀದಿಯಲ್ಲಿ ಸಾಕುವ ಮೀನು ಮಾರುವವರು ನಲವತ್ತು ಜನ ಇದ್ದರೆ, ಮೀನು ಮಾರದೆ ಗಿರಾಕಿಗಳನ್ನು ಬೈದು ಕಳಿಸುವವಳು ಯಿಮ್ ಬಿಕ್-ವಾನ್ ಒಬ್ಬಳೇ. ಇಪ್ಪತ್ತಾರು ವರ್ಷದಿಂದ ಅವಳ ವ್ಯಾಪಾರ ಶುರುವಾಗುತ್ತಿದ್ದದ್ದು "ತೊಟ್ಟಿ ಎಷ್ಟು ಅಡಿ?" ಎಂಬ ಪ್ರಶ್ನೆಯಿಂದ. ಉತ್ತರ ಸರಿಬಾರದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಂಗೈಯಗಲದ ಬಟ್ಟಲಿಗೆ ಚಿನ್ನದ ಮೀನು ಕೇಳಿದವರಿಗೆ, "ಮೊದಲು ನೀನು ಒಂದು ವಾರ ಬಕೆಟ್ಟಲ್ಲಿ ಕೂತು ಬಾ, ಆಮೇಲೆ ಮಾತಾಡೋಣ" ಅನ್ನುತ್ತಿದ್ದಳು. ಇಷ್ಟಾದರೂ ಅಂಗಡಿ ಮುಳುಗಿರಲಿಲ್ಲ. ಬೈಸಿಕೊಂಡು ಹೋದವರ ಮನೆಯಲ್ಲಿ ಮೀನುಗಳು ಬದುಕುತ್ತಿದ್ದವು ಎಂಬ ಅಪಕೀರ್ತಿ ಅವಳನ್ನು ಕಾಪಾಡಿತ್ತು.

ಇಂಥವಳ ಬಾಯಿಗೆ ಬೀಗ ಬಿದ್ದದ್ದು ಬೀಗರಿಂದಲೇ. ಮಗಳು ಹೊಯ್-ಕಿಗೆ ಮದುವೆ ಗೊತ್ತಾಗಿತ್ತು. ಹುಡುಗ ಕಾ-ಹೇ ಒಳ್ಳೆಯವನು. ಒಂದು ಶುಕ್ರವಾರ ಮಗಳು ಅಂಗಡಿಗೆ ಬಂದು, ನೀರು ತುಂಬಿ ತೂಗುಹಾಕಿದ್ದ ಮೀನಿನ ಚೀಲಗಳ ನಡುವೆ ತಲೆ ತೂರಿಸಿ ಹೇಳಿದಳು.

"ಅಮ್ಮಾ, ನಾಳೆ ಕಾ-ಹೇ ಅಪ್ಪ ಇಲ್ಲಿಗೆ ಬರ್ತಾರೆ. ಹೊಸ ತೊಟ್ಟಿ ತಂದಿದಾರಂತೆ. ಕೇಳಿದ ಮೀನು ಕೊಟ್ಟು ಕಳಿಸು."

"ಕೊಡದೆ ನಾನೇನು ಹುರಿದು ತಿಂತೀನಾ?"

"ಬಕೆಟ್ಟಲ್ಲಿ ಕೂತ್ಕೊಳ್ಳಿ ಅಂತ ಮಾತ್ರ ಅವರಿಗೆ ಹೇಳ್ಬೇಡ. 'ಆಗಲಿ', 'ಸಂತೋಷ', 'ಮತ್ತೆ ಬನ್ನಿ'. ಈ ಮೂರು ಬಿಟ್ಟು ನಾಲ್ಕನೇ ಮಾತಾಡಿದ್ರೆ ನನ್ನಾಣೆ. ಮದುವೆಗೆ ಇನ್ನು ಮೂರೇ ತಿಂಗಳು."

ಮರುದಿನ ಕಾ-ಹೇಯ ಅಪ್ಪ ಮಾಕ್ ಬಂದರು. ಮೂವತ್ತು ವರ್ಷ ಲಿಫ್ಟುಗಳ ತಪಾಸಣೆ ಮಾಡಿ ನಿವೃತ್ತರಾದವರು. ಎಂಟು ಜನರ ಲಿಫ್ಟಿಗೆ ಒಂಬತ್ತನೆಯವನು ಹತ್ತಿದರೆ ನೌಕರಿಯನ್ನೇ ಪಣಕ್ಕಿಟ್ಟು ಇಳಿಸುತ್ತಿದ್ದವರು. ಜೇಬಿನಿಂದ ಕೆಂಪು ಚೀಟಿ ತೆಗೆದು, ಕನ್ನಡಕ ಏರಿಸಿ ಓದಿದರು: "ಎಂಟು ಬಂಗಾರದ ಬಣ್ಣದ್ದು, ಒಂದು ಕಪ್ಪು. ನಮ್ಮ ಫೆಂಗ್‌ಶುಯಿ ಪಂಡಿತರು ಬರೆದುಕೊಟ್ಟಿದ್ದು. ತೊಟ್ಟಿ ಒಂದೂವರೆ ಅಡಿ. ಚಪ್ಪಲಿ ಗೂಡಿನ ಮೇಲೆ ಅಳತೆಗೆ ಹೊಲಿಸಿದ ಹಾಗೆ ಕೂತಿದೆ ನೋಡಿ, ಬೀಗಿತ್ತಿಯವ್ರೇ!"

ಬಿಕ್-ವಾನಳ ಗಂಟಲಲ್ಲಿ ಇಪ್ಪತ್ತಾರು ವರ್ಷದ ಮಾತುಗಳು ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಅವರು ಬೆರಳು ತೋರಿದ್ದು ಗುಂಡುಹೊಟ್ಟೆಯ ಚಿನ್ನದ ಮೀನುಗಳತ್ತ. ಬೆಳೆದರೆ ಒಂದೊಂದೂ ಗೇಣುದ್ದ. ಎರಡು ಮೀನಿಗೇ ಮೂರಡಿ ತೊಟ್ಟಿ ಬೇಕು. ಒಂಬತ್ತನ್ನು ಒಂದೂವರೆ ಅಡಿಯಲ್ಲಿ ಬಿಟ್ಟರೆ ತಮ್ಮ ಹೊಲಸಿನಲ್ಲಿ ತಾವೇ ವಾರದೊಳಗೆ ಸಾಯುತ್ತವೆ.

"ಆಗಲಿ," ಎಂದಳು.

ಮುಂದಿನ ಶನಿವಾರ ಮಾಕ್ ಮತ್ತೆ ಕಾಣಿಸಿಕೊಂಡಾಗ ಜಗಳಕ್ಕೇ ಬಂದರೆಂದು ಅವಳು ಸೆರಗಿಲ್ಲದಿದ್ದರೂ ಸೊಂಟ ಕಟ್ಟಿಕೊಂಡಳು. ಅವರ ಮುಖ ಮಾತ್ರ ಹಬ್ಬದ ದೀಪದಂತಿತ್ತು.

"ಎಂಟೂ ಹೋದ್ವು, ಬೀಗಿತ್ತಿಯವ್ರೇ! ಕರಿಯ ಒಬ್ಬ ಉಳಿದಿದಾನೆ!"

ಬಿಕ್-ವಾನ್ ಕೈಯಲ್ಲಿದ್ದ ಬಲೆ ಕೆಳಗಿಟ್ಟಳು.

"ಎಂಟು ಗಂಡಾಂತರ! ನಮಗೆ ಬಡೀಬೇಕಾಗಿದ್ದನ್ನ ಮೀನು ಮೈಮೇಲೆ ಎಳ್ಕೊಂಡು ಹೋಗಿವೆ ಅಂತ ಪಂಡಿತರು ಹೇಳಿದ್ರು. ಬೇರೆಯವರ ಮನೇಲಿ ವರ್ಷಕ್ಕೊಂದು ಸತ್ರೆ ಹೆಚ್ಚಂತೆ. ನಿಮ್ಮ ಮೀನು ಭಾರೀ ಶಕ್ತಿವಂತ ಮೀನು! ಇನ್ನೆಂಟು ಕೊಡಿ."

ತನ್ನ ಮೀನು ಬೇಗ ಸಾಯುತ್ತದೆಂದು ಹೊಗಳಿಸಿಕೊಂಡ ವ್ಯಾಪಾರಿ ಆ ಬೀದಿಯಲ್ಲಿ ಅವಳೇ ಮೊದಲಿರಬೇಕು. "ಸಂತೋಷ," ಎಂದಳು. ಅವಳ ಬಾಯಲ್ಲಿ ಆ ಮಾತು ಅಷ್ಟು ಕಹಿಯಾಗಿ ಎಂದೂ ಬಂದಿರಲಿಲ್ಲ.

ಮೂರನೆಯ ಶನಿವಾರ ಇನ್ನೆಂಟು. ಚೀಲಕ್ಕೆ ನೀರು ತುಂಬಿ ಅವಳು ತೊಟ್ಟಿಯ ಮುಂದೆ ನಿಂತಳು. ಯಾವುದನ್ನು ಕಳಿಸುವುದು? ಚೆನ್ನಾಗಿರುವುದನ್ನು ಕಳಿಸಲು ಮನಸ್ಸಿಲ್ಲ, ಬಡಕಲನ್ನು ಕಳಿಸಿದರೆ ಪಾಪ ಅದಕ್ಕೆ ನಾಲ್ಕು ದಿನವೂ ಇಲ್ಲ. ಕೊನೆಗೆ ಕಣ್ಣುಮುಚ್ಚಿ ಬಲೆ ಹಾಕಿದಳು.

"ನಿನ್ನ ಮಾವ ಮೀನು ಸಾಕ್ತಿಲ್ಲ ಕಣೇ, ಸೌದೆ ಉರಿಸ್ತಿದಾರೆ," ಎಂದಳು ಆ ರಾತ್ರಿ ಮಗಳಿಗೆ.

"ಮದುವೆ ತನಕ ಸುಮ್ನಿರಮ್ಮಾ."

"ಮದುವೆ ತನಕ ಅಂದ್ರೆ ಇನ್ನೂ ಹತ್ತು ವಾರ. ಎಂಬತ್ತು ಜೀವ."

ಮಗಳು ಉಗುರು ನೋಡಿಕೊಳ್ಳುತ್ತ ಕೂತಳು.

ನಾಲ್ಕನೆಯ ಶನಿವಾರ ಮಾಕ್ ಬರಲಿಲ್ಲ, ಹೇಗೂ ಮರುದಿನ ಭೇಟಿಯಿತ್ತು. ಭಾನುವಾರ ಬೆಳಿಗ್ಗೆ ಎರಡೂ ಮನೆಯವರು ಮದುವೆಯ ಊಟದ ಮಾತುಕತೆಗೆ ಚಹಾಮನೆಯಲ್ಲಿ ಸೇರಿದರು. ಸೀಗಡಿ ಕಡುಬಿನ ಬುಟ್ಟಿ, ಕೋಳಿಕಾಲು, ಟರ್ನಿಪ್ ರೊಟ್ಟಿ ಎಲ್ಲ ಬಂದವು. ಮಾಕ್ ಎಲ್ಲರ ಬಟ್ಟಲಿಗೂ ಚಹಾ ಸುರಿದು, ಪಕ್ಕದ ಮೇಜಿಗೂ ಕೇಳುವಂತೆ ಹೇಳಿದರು: "ನಮ್ಮ ಮನೆ ಈಗ ಕೋಟೆ ಇದ್ದ ಹಾಗೆ. ಒಂದು ತಿಂಗಳಲ್ಲಿ ಇಪ್ಪತ್ನಾಲ್ಕು ಗಂಡಾಂತರ ತಪ್ಪಿದೆ! ಬೇರೆ ಯಾರ ಮನೇಲಿ ಉಂಟು ಹೇಳಿ?"

ಅವರ ಹೆಂಡತಿ ಕಡುಬು ಕಚ್ಚಿದರು. ಬಿಕ್-ವಾನ್ ಊಟದ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟಳು.

"ಇಪ್ಪತ್ನಾಲ್ಕಾ, ಬೀಗರೇ?"

"ಲೆಕ್ಕ ಹಾಕಿದ್ದೀನಿ!"

"ನಮ್ಮ ವಂಶದಲ್ಲಿ ಮೂರು ತಲೆಮಾರು ಸೇರಿದ್ರೂ ಅಷ್ಟು ಗಂಡಾಂತರ ಬಂದಿಲ್ಲ. ತಿಂಗಳಿಗೆ ಇಪ್ಪತ್ನಾಲ್ಕು ಸಲ ಸಾವು ಬಾಗಿಲು ತಟ್ಟೋ ಮನೆಗೆ, ಇರೋ ಒಬ್ಬಳು ಮಗಳನ್ನ ನಾನು ಹೇಗೆ ಕಳಿಸ್ಲಿ?"

ಮೇಜಿನಡಿ ಹೊಯ್-ಕಿ ಅಮ್ಮನ ಕಾಲಿಗೆಂದು ಒದ್ದ ಒದೆ ಕಾ-ಹೇಗೆ ಬಿದ್ದು, ಅವನು ಚಹಾ ಚೆಲ್ಲಿಕೊಂಡ.

"ಅಯ್ಯೋ, ಅವೆಲ್ಲ ತಪ್ಪಿಹೋದ್ವಲ್ಲ!" ಎಂದರು ಮಾಕ್.

"ಮೀನು ಇತ್ತು, ತಪ್ಪಿತು. ನಾನು ಜ್ವರ ಬಂದು ಒಂದು ವಾರ ಅಂಗಡಿ ಮುಚ್ಚಿದ್ರೆ? ಮೀನು ಹತ್ತು ವರ್ಷ ಬದುಕೋ ಮನೆಗಳನ್ನ ನಾನು ನೋಡಿದೀನಿ. ಅಲ್ಲಿಗೆ ಗಂಡಾಂತರ ದಾರಿ ಕೇಳ್ಕೊಂಡೂ ಬರೋಲ್ಲ. ನಿಮ್ಮನೇಲಿ ಏನೋ ಐಬಿದೆ."

ಮಾಕ್ ಬಾಯಿ ತೆರೆದರು, ಮುಚ್ಚಿದರು, ಥೇಟ್ ಅವರ ತೊಟ್ಟಿಯ ಕರಿಯನ ಹಾಗೆ. ಕೋಟೆಯ ಒಳಗಿನಿಂದಲೇ ಬಾಗಿಲು ತೆರೆದವರು ಅವರ ಹೆಂಡತಿ. "ಪ್ರತಿ ಗಂಡಾಂತರಾನೂ ಬರಿಗೈಲಿ ಎತ್ತಿ ಕಸಕ್ಕೆ ಹಾಕಿದ್ದು ನಾನು. ಕೈ ಮೂಸಿ ನೋಡ್ರೀ ಬೇಕಾದ್ರೆ. ಸುಮ್ನೆ ಬೀಗಿತ್ತಿಯವ್ರು ಹೇಳಿದಂಗೆ ಕೇಳಿ."

ಅಂದೇ ಮಧ್ಯಾಹ್ನ ಬಿಕ್-ವಾನ್ ಅಳತೆಪಟ್ಟಿ ಹಿಡಿದು ಬೀಗರ ಮನೆಗೆ ಹೋದಳು. ತೊಟ್ಟಿ ಅಳೆದಳು, ಕರಿಯನನ್ನು ಚೀಲಕ್ಕೆ ಹಾಕಿಕೊಂಡಳು. ಕಿಟಕಿಯ ಬಿಸಿಲು ತೊಟ್ಟಿಗೆ ನೇರ ಬಡಿಯುತ್ತಿತ್ತು. ತೆರೆ ಎಳೆದಳು. ಕೊಳೆತ ನೀರು ಚೆಲ್ಲಿ, ತನ್ನ ಅಂಗಡಿಯ ಹಳೆಯ ತೊಟ್ಟಿಯ ಮರಳನ್ನೂ ಪಾಚಿಗಿಡಗಳನ್ನೂ ಹಾಕಿ, ನೀರು ಮೀನಿಗೆ ಒಗ್ಗುವ ತನಕ ಮೂರು ವಾರ ಬರಿನೀರು ಓಡಲಿ ಎಂದಳು.

"ಮೂರು ವಾರ ಮೀನೇ ಇಲ್ವಾ? ನಡುವೆ ಗಂಡಾಂತರ ಬಂದ್ರೆ?"

"ಬಾಗಿಲಲ್ಲಿ ಕಾದಿರೋಕೆ ಹೇಳಿ. ಚಪ್ಪಲಿ ಗೂಡು ಅಲ್ಲೇ ಇದೆಯಲ್ಲ."

ಮೂರು ವಾರದ ಮೇಲೆ ಅವಳು ತಂದದ್ದು 'ಬಿಳಿಮೋಡ' ಎಂಬ ಜಾತಿಯ ಮೀನು. ಕಿರುಬೆರಳಿನ ಅರ್ಧದಷ್ಟು, ಪೂರ್ತಿ ಬೆಳೆದರೂ ಒಂದೂವರೆ ಅಂಗುಲ ದಾಟದು. ಎಂಟು ಹೊಂಬಣ್ಣದ್ದು, ಒಂದು ಮಾಸಲು ಕಪ್ಪಿನದು. ಮಾಕ್ ಮೂಗು ಗಾಜಿಗೆ ತಾಗಿಸಿ ಹುಡುಕಿದರು.

"ಇದು ಮೀನಾ, ಸೊಳ್ಳೆಮರಿಯಾ? ಪಂಡಿತರು ಒಪ್ಪಬೇಕಲ್ಲ!"

"ಪಂಡಿತರು ಬಣ್ಣ ಹೇಳಿದ್ರು, ಲೆಕ್ಕ ಹೇಳಿದ್ರು. ಗಾತ್ರ ಹೇಳಿದ್ರಾ?"

ಮಾಕ್ ಚೀಟಿ ತೆಗೆದು ಹಿಂದೆ ಮುಂದೆ ತಿರುಗಿಸಿದರು. "ಇಲ್ಲ."

"ಅದು ನನ್ನ ಶಾಸ್ತ್ರ."

ಮದುವೆ ಆಯಿತು. ಹನ್ನೆರಡು ಬಗೆಯ ಊಟದಲ್ಲಿ ಬೇಯಿಸಿದ ಮೀನು ಬಂದಾಗ ಮಾಕ್ ಎರಡು ಸಲ ಬಡಿಸಿಕೊಂಡರು. ಆಮೇಲಿನ ವಾರಗಳಲ್ಲಿ ತೊಟ್ಟಿಯ ಮೀನು ಒಂದೂ ಸಾಯಲಿಲ್ಲ. ಇದರಿಂದ ಅವರಿಗೆ ಸ್ವಲ್ಪ ಕಸಿವಿಸಿಯಾಯಿತು ಎನ್ನುವುದನ್ನು ಮುಚ್ಚಿಡುವಂತಿಲ್ಲ. "ಕೆಲಸ ಮಾಡ್ತಿವೆ ತಾನೇ?" ಎಂದು ಎರಡು ಸಲ ಫೋನು ಮಾಡಿದರು. ಮೂರನೆಯ ಸಲ ಹಲೋ ಕೂಡ ಹೇಳದೆ ಶುರುಮಾಡಿದರು.

"ಬೀಗಿತ್ತಿಯವ್ರೇ, ಎಷ್ಟು ಸಲ ಎಣಿಸಿದ್ರೂ ಹದಿಮೂರು ಬರ್ತಿದೆ! ಗಿಡದ ಸಂದೀಲಿ ಕೂದಲೆಳೆಯಂಥವು ನಾಲ್ಕು ಓಡಾಡ್ತಿವೆ. ಏನಾದ್ರೂ ಕೆಟ್ಟ ಶಕುನವಾ?"

"ಮೊಟ್ಟೆಯಿಟ್ಟು ಮರಿ ಮಾಡಿವೆ ಬೀಗರೇ. ನೀರು ಒಗ್ಗಿದೆ, ಜಾಗ ಸಾಕಾಗಿದೆ, ಮಾಡಿವೆ."

ಮಾಕ್, "ಮರಿ… ನಮ್ಮ ಮನೇಲಿ…" ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟರು.

ಹತ್ತು ನಿಮಿಷಕ್ಕೆ ಮಗಳ ಫೋನು ಬಂತು.

"ಅಮ್ಮಾ, ಮಾವ ನನ್ನ ಆಫೀಸಿಗೇ ಫೋನ್ ಮಾಡಿ 'ನಾಲ್ಕು ಮೊಮ್ಮಕ್ಕಳು ಅಂತ ಕಾಣುತ್ತೆ ಮಗಳೇ, ಭಾರ ಎತ್ತಬೇಡ' ಅಂತಿದಾರೆ! ತೊಟ್ಟಿಲು ನೋಡೋಕೆ ಹೊರಟೇಬಿಟ್ರಂತೆ! ಎಂಥ ಮೀನು ಕೊಟ್ಟೆ ನೀನು?"

ಎದುರಿಗೆ ನಿಂತಿದ್ದ ಗಿರಾಕಿಗೆ ಏನೂ ಅರ್ಥವಾಗಲಿಲ್ಲ. ಇಪ್ಪತ್ತಾರು ವರ್ಷ ಅಂಗಡಿಯಲ್ಲಿ ಕೂತು ಬೈಯುತ್ತಿದ್ದ ಹೆಂಗಸು ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು.