ಗಿರಣಿ ಪಾಳಿ

“ಬಾರಸಲೇ ಬೋಳಿಮಗನ! ಬೀಗರ ಮನಿಗೆ ಬಂದಂಗ ನಿಂತಿ!”

ಕಟ್ಟೆಯ ಮೇಲಿಂದ ಪುಂಡಲೀಕಪ್ಪಗೌಡರು ಒದರಿದರು. ಸಂಗಪ್ಪ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ಊರಿನ ಡಂಗುರ ಸಾರುವ ಕೆಲಸ ಅಜ್ಜನ ಕಾಲದಿಂದ ಅವನ ಮನೆಯದು. ಇವತ್ತಿನ ಡಂಗುರವೂ ಅವನ ಮನೆಯದೇ: ಅವನಿಗೆ ಬಹಿಷ್ಕಾರ. ಬೇರೆಯವರ ಕೈಲಿ ಸಾರಿಸೋಣವೆಂದರೆ, ಆ ಹಲಗೆ ಮುಟ್ಟಲು ಊರಲ್ಲಿ ಯಾರೂ ತಯಾರಿಲ್ಲ.

ಆದದ್ದಿಷ್ಟೇ. ಮಕ್ತುಮಸಾಬನ ಹಿಟ್ಟಿನ ಗಿರಣಿಯಲ್ಲಿ ಸಂಗಪ್ಪನ ಹೆಂಡತಿ ಉಡಚವ್ವನ ಜೋಳ ಮೊದಲು ಬಿತ್ತು, ಗೌಡರ ಜೋಳ ಆಮೇಲೆ. ಕಲ್ಲಿನ ಸಂದಿಯಲ್ಲಿ ಉಳಿದ ಅವಳ ಹಿಡಿ ಹಿಟ್ಟು ಗೌಡರ ಹಿಟ್ಟಿಗೆ ಬೆರೆಯಿತು. ಪಾಪ, ಗೌಡರು ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ಕೈ ಹಾಕಿದಾಗ ಖಬರು ಬಂತು.

“ಯಪ್ಪಾ, ಈಗ ಗದಗ ಜಿಲ್ಲಾ ಆಗೇತ್ರಿ. ಹೊಸಾ ಸಾಹೇಬ್ರು ಬಂದಾರಂತ್ರಿ...”

“ಜಿಲ್ಲಾ ಹೊಸಾದೈತಿ, ಊರು ಹಳೇದೈತಿ. ಬಾರಸ.”

ಸಂಗಪ್ಪ ಬಾರಿಸಿದ.

“ಕೇಳ್ರಪೋ ಕೇಳ್ರಿ! ಹಲಗಿ ಸಂಗಪ್ಪನ ಮನಿಯವರ ಕೂಡ ಯಾರೂ ಮಾತಾಡಬಾರದು! ನೀರು, ಬೆಂಕಿ, ಕೂಲಿ ಕೊಡಬಾರದು! ಅವರ ಜೋಳ ಬೀಸಬಾರದು! ಮಾತಾಡಿದವರ ಮನಿಗೂ ಇದ ಬಹಿಷ್ಕಾರ ಐತ್ರಪೋ!”

ಮೊದಲ ಓಣಿಯಲ್ಲಿ ಅವನ ದನಿ ನಡುಗಿತು. ಮೂರನೆಯ ಓಣಿಯ ಹೊತ್ತಿಗೆ ರೂಢಿಯಾಗಿತ್ತು.

ಊರು ಪಾಲಿಸಿತು ನೋಡಿ, ಅದೇನು ಶಿಸ್ತು ಅಂತೀರಿ! ಮೊದಲ ಓಣಿಯ ತಿಪ್ಪವ್ವನ ನಾಲ್ಕೂ ಹೆರಿಗೆಗೆ ಉಡಚವ್ವನೇ ನಿಂತಿದ್ದಳು. ಈಗ ಅದೇ ತಿಪ್ಪವ್ವ ಸೆರಗು ಮುಖಕ್ಕೆಳೆದುಕೊಂಡು ದಾಟಿ ಹೋದಳು. ಮಕ್ತುಮಸಾಬ ಉಡಚವ್ವನ ಬುಟ್ಟಿ ಕಂಡು ತಲೆ ತಗ್ಗಿಸಿದ. ಅವಳ ಮನೆಯ ಬೀಸುಕಲ್ಲು ಗಿರಣಿ ಬಂದ ವರ್ಷವೇ ಬಟ್ಟೆ ಒಗೆಯುವ ಕಲ್ಲಾಗಿತ್ತು. ಜೋಳ ಕುದಿಸಿ ತಿಂದರು. ಸಂಗಪ್ಪನ ಅವ್ವ ಮರಿಯವ್ವನಿಗೆ ಹಲ್ಲಿಲ್ಲ, ಅವಳಿಗೆ ಅದು ಇಳಿಯಲಿಲ್ಲ.

“ಒಂದ ಹಿಡಿ ಹಿಟ್ಟ ಇದ್ದರ ಅಂಬಲಿ ಕುಡೀತಿದ್ನೋ ಯಪ್ಪಾ,” ಅಂದಳು ನಾಲ್ಕನೆಯ ದಿನ. ಐದನೆಯ ದಿನ ಅದನ್ನೂ ಅನ್ನಲಿಲ್ಲ.

ಮರುದಿನ ಸಂಗಪ್ಪ ಮುಂಜಾನೆಯೇ ಗೌಡರ ಮನೆ ಮುಂದೆ ಹೋಗಿ ನಿಂತ.

“ಯಪ್ಪಾ, ನಮ್ಮವ್ವ ಸಾಯಾಕ ಹತ್ತ್ಯಾಳ್ರಿ. ಒಂದ ಸೇರು ಜೋಳ ಬೀಸಾಕರ ಹೇಳ್ರಿ.”

ಗೌಡರು ಮಾತಾಡಲಿಲ್ಲ. ನಿಯಮವೆಂದರೆ ನಿಯಮ. ಸಂಗಪ್ಪ ಅಲ್ಲೇ ಬೆಂಕಿ ಮಾಡಿ, ಹಲಗೆ ಕಾಯಿಸಿ, ಬಾರಿಸತೊಡಗಿದ. ಗೌಡರು ಕೈಸನ್ನೆ ಮಾಡಿದರು. ಸಂಗಪ್ಪ ನೋಡಿದ, ಬಾರಿಸಿದ. ಹಲಗೆ ಕಸಿದು ತರಲು ಆಳನ್ನು ಕಳಿಸಿದರು. ಆಳು ಹಲಗೆಯ ಚರ್ಮ ನೋಡಿ ಕೈ ಹಿಂದಕ್ಕೆಳೆದುಕೊಂಡ. ಮಧ್ಯಾಹ್ನವಾಯಿತು. ಗೌಡರು ಊಟಕ್ಕೆ ಕೂತರು, ಎದ್ದರು, ಮತ್ತೆ ಕೂತರು.

“ನಿಲ್ಲಸಲೇ ಸೂಳಿಮಗನ! ತಲಿ ಒಡ್ಯಾಕ ಹತ್ತೇತಿ!”

ಸಂಗಪ್ಪ ತಟ್ಟನೆ ನಿಲ್ಲಿಸಿದ. “ಆತ್ರಿ ಯಪ್ಪಾ.”

ಎದ್ದು ಮೊದಲ ಓಣಿಗೆ ನಡೆದ.

“ಕೇಳ್ರಪೋ ಕೇಳ್ರಿ! ಪುಂಡಲೀಕಪ್ಪಗೌಡ್ರು ಹಲಗಿ ಸಂಗಪ್ಪನ ಕೂಡ ಮಾತಾಡ್ಯಾರ! ಅವರ ಮನಿಗೂ ಬಹಿಷ್ಕಾರ! ಅವರ ಜೋಳಾನೂ ಬೀಸಬಾರದ್ರಪೋ!”

ಈ ಸಲ ದನಿ ನಡುಗಲಿಲ್ಲ.

ಸಂಜೆ ಗಿರಣಿಯಲ್ಲಿ ಉಡಚವ್ವನ ಬುಟ್ಟಿ ಮುಂದಿತ್ತು, ಗೌಡರ ಆಳು ತಂದ ಡಬ್ಬಿ ಹಿಂದೆ. ಓಣಿಯ ಜನವೆಲ್ಲ ಬಾಗಿಲಲ್ಲಿ ನಿಂತು ಮಕ್ತುಮಸಾಬನ ಬಾಯಿ ನೋಡುತ್ತಿತ್ತು. ಅವನು ಎರಡನ್ನೂ ನೋಡಿದ.

“ಡಂಗುರ ಕೇಳಿದ್ರ ಎರಡೂ ಬೀಸಬಾರದು. ಬೀಸಿದ್ರ ಪಾಳಿ ಪ್ರಕಾರ ಬೀಸತೇನಿ. ಯವ್ವಾ, ಬುಟ್ಟಿ ತಾ ಇತ್ತಾಗ.”

ನಡುವೆ ಕಲ್ಲು ಒರೆಸುವ ಗೊಡವೆಗೆ ಅವನು ಹೋಗಲಿಲ್ಲ. ಉಡಚವ್ವನ ಜೋಳ ಮೊದಲು ಬಿತ್ತು, ಗೌಡರ ಜೋಳ ಆಮೇಲೆ.